ಮಂಗಳೂರಿನ ಸೆಕೆಯಲ್ಲಿ ಉಲ್ಲನ್ ಕೌಲ್

ಕೌಲಿಗೆ, ಅಂದರೆ ಕುತ್ತಿಗೆಯ ಸುತ್ತ ಹಾಕುವ ಉಲ್ಲನ್ ಪಟ್ಟಿಗೆ, ಸ್ಟಿಚ್ ಹಾಕಿ ಆಯಿತು, 126. ವಿಡಿಯೋದಲ್ಲಿ ಅದನ್ನು ಫಾಸ್ಟ್ ಓಡಿಸಿದ್ದೇನೆ, ನೋಡುವಂಥದ್ದು ಏನೂ ಇಲ್ಲ. ಸುತ್ತು ಜೋಡಿಸುವ ಮೊದಲು ಮಾತ್ರ ಕೆಳಗಿನ ಅಂಚು ಪೂರ್ತಿ ಒಳಗೇ ಇದೆಯಾ ನೋಡಿಕೊಳ್ಳಿ. ಒಂದು ಕಡೆ ತಿರುಚಿಕೊಂಡರೂ ಆಮೇಲೆ ಬಿಚ್ಚುವುದೊಂದೇ ದಾರಿ.

ಮಂಗಳೂರಿನಲ್ಲಿ ಕುತ್ತಿಗೆಗೆ ಉಲ್ಲನ್ ಯಾರಿಗೆ ಅಂತ ಕೇಳಬೇಡಿ. ನನಗಲ್ಲ, ಮಡಿಕೇರಿಯಲ್ಲಿರುವ ಅಕ್ಕನಿಗೆ. ಹಿಂದೆ ಕೇಳುತ್ತಿರುವ ಗರಗರ ನಮ್ಮ ಫ್ಯಾನ್. ಅದನ್ನು ಆಫ್ ಮಾಡಿದರೆ ನಾನೂ ಆಫ್.

ಈಗ ಈ ಕಡ್ಡಿಯ ಕಥೆ. ಕೌಲಿನ ಸುತ್ತಳತೆ ಸುಮಾರು 56 ಸೆಂಟಿಮೀಟರ್. ಅದಕ್ಕೆ 40 ಸೆಂಟಿಮೀಟರಿನ ಸರ್ಕ್ಯುಲರ್ ಕಡ್ಡಿ ಬೇಕು, ಎರಡು ಕಡ್ಡಿಯ ನಡುವೆ ಕೇಬಲ್ ಇರುವಂಥದ್ದು. ಹಂಪನಕಟ್ಟೆಯ ಅಂಗಡಿಯಲ್ಲಿ ಕೇಳಿದರೆ 80ರದ್ದು ಮಾತ್ರ ಉಂಟು. 'ಉದ್ದ ಇದ್ದರೆ ಒಳ್ಳೆಯದಲ್ವಾ?' ಅಂತಾರೆ. ಎಂತ ಒಳ್ಳೆಯದು ಮಾರಾಯ್ರೆ, ಸ್ಟಿಚ್ ಈ ತುದಿಯಿಂದ ಆ ತುದಿಗೆ ಮುಟ್ಟುವುದೇ ಇಲ್ಲ! ಕೇಬಲ್ ನಡುವೆ ಎಳೆದು ಮ್ಯಾಜಿಕ್ ಲೂಪ್ ಮಾಡಬಹುದು, ನನಗೆ ಆ ಎಳೆದಾಟ ಆಗುವುದಿಲ್ಲ. ಆನ್‌ಲೈನಲ್ಲಿ ತರಿಸಿದೆ. ಕಡ್ಡಿಗೆ 340, ಕೊರಿಯರ್‌ಗೆ 120. ಬಂದದ್ದು ಇದು. ಹತ್ತಿರ ತರುತ್ತೇನೆ, ನೋಡಿ. ಕಡ್ಡಿಯೂ ಕೇಬಲ್ಲೂ ಸೇರುವ ಜಾಗದಲ್ಲಿ ಸಣ್ಣ ಮೆಟ್ಟಿಲು. ಪ್ರತಿ ಸ್ಟಿಚ್ ಅಲ್ಲಿ ಬಂದು ನಿಲ್ಲುತ್ತದೆ. ಉಗುರಿನಿಂದ ದೂಡಬೇಕು. ಒಂದು ಸುತ್ತಿಗೆ 126 ಸಲ! ಕೇಬಲ್ಲೋ, ನಾಯಿ ಬಾಲ. ಅದನ್ನು ಬಿಸಿನೀರಿನಲ್ಲಿ ಅದ್ದಿ ಎಳೆದು ಹಿಡಿದರೆ ನೇರ ಆಯಿತು. ಮೆಟ್ಟಿಲಿಗೆ ಬಿಸಿನೀರು ನಾಟುವುದಿಲ್ಲ. ಉಗುರು ಉಜ್ಜುವ ಫೈಲಿನಿಂದ ಉಜ್ಜಿದೆ, ಈಗ ಸ್ವಲ್ಪ ಪರವಾಗಿಲ್ಲ. 460 ರೂಪಾಯಿ ಕೊಟ್ಟು ಉಜ್ಜುವ ಕೆಲಸವೂ ನಮ್ಮದೇ.

ಡಿಸೈನ್ ಅಲೆಅಲೆಯಾಗಿ ಬರುತ್ತದೆ, ಮೂಲ ಶೆಟ್ಲೆಂಡ್ ದ್ವೀಪಗಳದ್ದು. 18 ಸ್ಟಿಚ್ಚಿಗೆ ಒಂದು ಅಲೆ. ಎರಡೆರಡು ಸೇರಿಸಿ ಮೂರು ಸಲ, ನೂಲು ಸುತ್ತಿ ಒಂದು ಸೀದಾ ಆರು ಸಲ, ಮತ್ತೆ ಎರಡೆರಡು ಮೂರು ಸಲ. ಆರು ಹೋಗುತ್ತದೆ, ಆರು ಬರುತ್ತದೆ, ಲೆಕ್ಕ ಸರಿ. ನಾಲ್ಕು ಸುತ್ತಿನಲ್ಲಿ ಒಂದು ಮಾತ್ರ ಹೀಗೆ. ಎರಡು ಪೂರ್ತಿ ಸೀದಾ, ಒಂದು ಪೂರ್ತಿ ಉಲ್ಟಾ.

ಇದರ ಹಾಗೆ ಬಣ್ಣಬಣ್ಣದ ನೂಲಿಗೆ ಲೇಸ್ ಹೆಣೆಯಬಾರದು, ತೂತು ಯಾವುದು ಬಣ್ಣ ಯಾವುದು ಗೊತ್ತಾಗುವುದಿಲ್ಲ. ಹೂವು, ಎಲೆಯ ಡಿಸೈನ್ ಎಲ್ಲ ಸುಮ್ನೆ ದಂಡ. ಇಲ್ಲಿ ನೋಡಿ, ನೀಲಿ ಎಲ್ಲ ಒಂದೇ ಕಡೆ ಗುಂಪು ಕಟ್ಟಿದೆ. ಒಂದು ಸುತ್ತಿಗೆ ಹೋಗುವ ನೂಲಿನ ಉದ್ದವೂ ಬಣ್ಣ ಮರಳಿ ಬರುವ ಉದ್ದವೂ ಹತ್ತಿರ ಹತ್ತಿರ ಇದ್ದರೆ ಹೀಗಾಗುತ್ತದೆ, ನೀಲಿಯ ಮೇಲೆ ನೀಲಿಯೇ ಬಂದು ಕೂರುತ್ತದೆ. ಎರಡು ಉಂಡೆ ಇಟ್ಟು ಸುತ್ತು ಬಿಟ್ಟು ಸುತ್ತು ಹೆಣೆದರೆ ಒಡೆಯುತ್ತದೆ. ನನ್ನ ಹತ್ತಿರ ಇರುವುದು ಒಂದೇ.

ಬಣ್ಣ ಅಂದಾಗ ನೆನಪಾಯಿತು, ಖಾಕಿ ಬಣ್ಣ ನಮ್ಮ ಬಲ್ಮಠದ್ದು ಅಂತ ಹೇಳುತ್ತಾರೆ, ಗೊತ್ತಾ? 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಅನ್ನುವವರು ಮಾಡಿದ್ದಂತೆ. ಆ ದಾರಿಯಲ್ಲಿ ದಿನಾ ಓಡಾಡುವ ನಮಗೇ ಗೊತ್ತಿರುವುದಿಲ್ಲ. ಒಂದು ದಿನ ಅಲ್ಲಿಗೇ ಹೋಗಿ... ಅಯ್ಯೋ, ಸುತ್ತು ಶುರುವಾಗುವಲ್ಲಿ ಹಾಕಿದ ಮಾರ್ಕರ್ ದಾಟಿತು, ಸುತ್ತು ಮುಗಿಯಿತು.

ಈಗ ದೂರದಿಂದ ನೋಡಿ. ಅಲೆಯ ಜೊತೆ ನೀಲಿಯೂ ಬಗ್ಗಿದೆ. ಚಂದವೇ ಉಂಟಲ್ವಾ? ಆಗ ಬೈದದ್ದು ವಾಪಸ್. ಹೂವು, ಎಲೆಯ ಬಗ್ಗೆ ಹೇಳಿದ್ದು ವಾಪಸ್ ಇಲ್ಲ.

ಒದ್ದೆ ಮಾಡಿ ಪಿನ್ ಹಾಕಿ ಹರಡುವುದು ಮುಂದಿನ ವಿಡಿಯೋದಲ್ಲಿ. ಈ ಮಳೆಯಲ್ಲಿ ಅದು ಯಾವಾಗ ಒಣಗುತ್ತದೋ, ವಿಡಿಯೋ ಆವಾಗಲೇ. ಬ್ಯಾಟರಿ ಕೆಂಪು ತೋರಿಸುತ್ತಿದೆ, ಬರ್ತೇನೆ.