ಬಣ್ಣ ಬಳಿದ ಆಕಾಶದ ಕೆಳಗೆ ಒಂದು ವೆಸ್ಟರ್ನ್

ಅಧ್ಯಕ್ಷರೆ, ಸಭಿಕ ಮಿತ್ರರೆ,

ಜಪಾನಿನ ನಿರ್ದೇಶಕ ತಕಾಶಿ ಮೀಕೆ 2007ರಲ್ಲಿ ‘ಸುಕಿಯಾಕಿ ವೆಸ್ಟರ್ನ್ ಜಾಂಗೊ’ ಎಂಬ ಚಿತ್ರ ಮಾಡಿದರು. ಅದೇ ವರ್ಷ ವೆನಿಸ್ ಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿ ಅದು ಪ್ರದರ್ಶನಗೊಂಡಿತು. ‘ಆಡಿಷನ್’, ‘ಇಚಿ ದ ಕಿಲ್ಲರ್’ ಮುಂತಾದ ಎದೆ ನಡುಗಿಸುವ ಚಿತ್ರಗಳಿಂದ ಹೆಸರಾಗಿದ್ದ, ಎಡೆಬಿಡದೆ ಚಿತ್ರ ಮಾಡುತ್ತಲೇ ಇದ್ದ ಮೀಕೆಯವರ ಮತ್ತೊಂದು ಹುಚ್ಚಾಟವೆಂದು ಇದನ್ನು ಬದಿಗೆ ಸರಿಸುವುದು ಸುಲಭ. ಹುಚ್ಚಾಟ ಇದರಲ್ಲಿ ಧಾರಾಳವಾಗಿಯೇ ಇದೆ. ಆದರೂ ಅಮೆರಿಕದ ಪಶ್ಚಿಮ ಸೀಮೆಯ ಬಂದೂಕುಗಾರರ ಕಥೆ ಹೇಳುವ ವೆಸ್ಟರ್ನ್ ಎಂಬ ಚಿತ್ರ ಪ್ರಕಾರವು ದೇಶದಿಂದ ದೇಶಕ್ಕೆ ದಾಟುತ್ತ ಮೈಗೂಡಿಸಿಕೊಂಡ ಸೋಗನ್ನು ಇಷ್ಟು ನಿಸ್ಸಂಕೋಚವಾಗಿ ಒಪ್ಪಿಕೊಂಡು, ಅದನ್ನೇ ಕಥನದ ಬಂಡವಾಳ ಮಾಡಿಕೊಂಡ ಮತ್ತೊಂದು ಚಿತ್ರವನ್ನು ನಾನು ಕಂಡಿಲ್ಲ. ಈ ಸೋಗಿನ ಬಗೆಗೇ ಇಂದು ಮಾತನಾಡುತ್ತೇನೆ.

ಕಥೆಯನ್ನು ಚುಟುಕಾಗಿ ಹೇಳಿಬಿಡಬಹುದು. ಜಪಾನಿನ ಇತಿಹಾಸದಲ್ಲಿ ಗೆಂಜಿ ಮತ್ತು ಹೈಕೆ ಎಂಬ ಎರಡು ಕುಲಗಳು 1180ರಿಂದ 1185ರವರೆಗೆ ಕಾದಾಡಿದವು. ಬಿಳಿ ಬಾವುಟದ ಗೆಂಜಿಗಳು ದನ್ನೌರಾದ ಕಡಲ ಕಾಳಗದಲ್ಲಿ ಕೆಂಪು ಬಾವುಟದ ಹೈಕೆಗಳನ್ನು ನಿರ್ನಾಮ ಮಾಡಿದರು. ಆ ಕಾಳಗದ ಎಷ್ಟೋ ನೂರು ವರ್ಷಗಳ ಬಳಿಕ, ನೆವಾಡಾ ಎಂದು ಹೆಸರಿಟ್ಟ ಬೆಟ್ಟದ ಸೀಮೆಯ ಯುದಾ ಎಂಬ ಬಡ ಊರಿಗೆ ಅದೇ ಕುಲಗಳ ಹೆಸರು ಹೊತ್ತ ಎರಡು ಬಂದೂಕಿನ ತಂಡಗಳು ಚಿನ್ನದ ಆಸೆಯಿಂದ ಬಂದು ಬೀಡುಬಿಡುತ್ತವೆ. ಹೆಸರಿಲ್ಲದ ಬಂದೂಕುಗಾರನೊಬ್ಬ ಅಲ್ಲಿಗೆ ಬರುತ್ತಾನೆ. ಎರಡೂ ತಂಡದವರು ಅವನನ್ನು ತಮ್ಮ ಕಡೆಗೆ ಎಳೆದುಕೊಳ್ಳಲು ನೋಡುತ್ತಾರೆ.

ಈ ಹೆಸರಿಲ್ಲದವನ ವಂಶಾವಳಿಯೇ ಒಂದು ಸ್ವಾರಸ್ಯದ ಸಂಗತಿ. ವೆಸ್ಟರ್ನ್‌ಗಳಿಗೆ ಹೆಸರಾದ ಅಮೆರಿಕದ ನಿರ್ದೇಶಕ ಜಾನ್ ಫೋರ್ಡ್ ಅವರನ್ನು ಗುರುವಿನಂತೆ ಕಂಡ ಜಪಾನಿನ ಅಕಿರಾ ಕುರೊಸಾವ, 1961ರಲ್ಲಿ ‘ಯೊಜಿಂಬೊ’ ಮಾಡಿ, ಎರಡು ಪುಂಡರ ಗುಂಪುಗಳ ನಡುವೆ ಒಡೆಯನಿಲ್ಲದ ಸಮುರಾಯಿ ಯೋಧನೊಬ್ಬನನ್ನು ನಿಲ್ಲಿಸಿದರು. ಇಟಲಿಯ ಸೆರ್ಜಿಯೊ ಲಿಯೊನೆ 1964ರಲ್ಲಿ ಅದೇ ಕಥೆಯನ್ನು ಅನುಮತಿಯಿಲ್ಲದೆ ಎತ್ತಿಕೊಂಡು ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಮಾಡಿದರು. ವ್ಯಾಜ್ಯವಾಯಿತು, ಕೊನೆಗೆ ಗಳಿಕೆಯಲ್ಲಿ ಶೇ. 15ರ ಪಾಲು, ಜೊತೆಗೆ ಜಪಾನ್ ಮತ್ತು ಸುತ್ತಲಿನ ಕೆಲವು ಕಡೆಯ ಹಂಚಿಕೆ ಹಕ್ಕು ಜಪಾನಿನವರ ಕೈಸೇರಿದವು. ಎರಡು ವರ್ಷದ ಬಳಿಕ ಇಟಲಿಯವರೇ ಆದ ಸೆರ್ಜಿಯೊ ಕೊರ್ಬುಚಿ ‘ಜಾಂಗೊ’ ಮಾಡಿದಾಗ, ಕೆಸರು ತುಂಬಿದ ಊರು, ಕೆಂಪು ಮುಸುಕಿನ ತಂಡ, ನಾಯಕ ಎಳೆದುಕೊಂಡು ಬರುವ ಶವಪೆಟ್ಟಿಗೆ, ಅದರೊಳಗಿನ ಮೆಷಿನ್ ಗನ್ ಎಲ್ಲವೂ ಈ ಕಥೆಗೆ ಬಂದು ಸೇರಿದವು. ಜಪಾನಿನಲ್ಲಂತೂ ಆ ಚಿತ್ರ ಲಿಯೊನೆಯವರ ಚಿತ್ರದ ಮುಂದಿನ ಭಾಗವೆನ್ನುವ ಹೆಸರಿನಲ್ಲೇ ತೆರೆಕಂಡಿತು, ಆ ಹೆಸರಿನಲ್ಲಿ ‘ಯೊಜಿಂಬೊ’ ಎಂಬ ಪದವೂ ಇತ್ತು. ಕನ್ನಡದಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಕೂಲಿ ಯೋಧ ಗಂಡುಗಲಿಯನ್ನು ಬಲ್ಲವರಿಗೆ, ಕುರೊಸಾವ ಅವರ ಸಮುರಾಯಿ ಎಲ್ಲೆಲ್ಲಿಗೆ ನಡೆದುಬಂದನೆಂದು ಬಿಡಿಸಿ ಹೇಳಬೇಕಿಲ್ಲ.

ಹೀಗೆ ಸುತ್ತಿ ಬಂದ ಸರಕನ್ನು ಮೀಕೆ ತಮ್ಮ ಊರಿಗೆ ಮರಳಿ ತಂದರು. ಆದರೆ ಅದನ್ನು ಮತ್ತೆ ಸಮುರಾಯಿ ಚಿತ್ರವನ್ನಾಗಿ ಶುದ್ಧೀಕರಿಸುವ ಗೋಜಿಗೆ ಅವರು ಹೋಗಲಿಲ್ಲ. ಮೊದಲ ದೃಶ್ಯವನ್ನೇ ನೋಡಿ. ಹಿಂದೆ ಬಣ್ಣದಲ್ಲಿ ಬರೆದ ಆಕಾಶ, ಬರೆದ ಫುಜಿ ಪರ್ವತ, ನಮ್ಮ ಕಂಪನಿ ನಾಟಕದ ಪರದೆಯನ್ನು ನೆನಪಿಸುವಂತೆ ತೂಗುವ ಸೂರ್ಯ. ಅದರ ಮುಂದೆ ಅಮೆರಿಕದ ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೊ ಬಂದೂಕುಗಾರನ ವೇಷದಲ್ಲಿ ಕುಳಿತಿದ್ದಾರೆ. ಹಾವಿನ ಹೊಟ್ಟೆ ಸೀಳಿ ಮೊಟ್ಟೆ ತೆಗೆಯುತ್ತಾರೆ. ಸುಕಿಯಾಕಿಯೆಂದರೆ ಮಾಂಸ, ತರಕಾರಿಗಳನ್ನು ಬಾಣಲೆಯಲ್ಲಿ ಬೇಯಿಸುತ್ತ, ಕದಡಿದ ಹಸಿ ಮೊಟ್ಟೆಯಲ್ಲಿ ಅದ್ದಿ ತಿನ್ನುವ ಅಡುಗೆ. ಮೊಟ್ಟೆ ಬಂದದ್ದು ಅದಕ್ಕಾಗಿ. ಆಮೇಲೆ ಆತ, ಜಪಾನಿನ ಶಾಲಾ ಮಕ್ಕಳು ಬಾಯಿಪಾಠ ಮಾಡುವ ಹೈಕೆ ಮಹಾಕಥನದ ಆರಂಭದ ಸಾಲುಗಳನ್ನು, ಗಿಯೊನ್ ದೇಗುಲದ ಗಂಟೆಯ ದನಿ ಎಲ್ಲವೂ ಅನಿತ್ಯವೆಂದು ಸಾರುವ ಆ ಸಾಲುಗಳನ್ನು, ಇಂಗ್ಲಿಷಿನಲ್ಲಿ ಹೇಳುತ್ತಾನೆ. ಐದೇ ನಿಮಿಷದಲ್ಲಿ ಚಿತ್ರವು ತನ್ನ ಷರತ್ತುಗಳನ್ನೆಲ್ಲ ಪ್ರೇಕ್ಷಕನ ಮುಂದಿಟ್ಟಿರುತ್ತದೆ.

ಬಹುಮಂದಿಯ ಆಕ್ಷೇಪ ಇರುವುದು ಆ ಇಂಗ್ಲಿಷಿನ ಮೇಲೆ. ಜಪಾನೀ ನಟರೆಲ್ಲರೂ ಇಂಗ್ಲಿಷಿನಲ್ಲೇ ಮಾತನಾಡುತ್ತಾರೆ, ಅದೂ ಉಚ್ಚಾರಣೆಯನ್ನು ಕಂಠಪಾಠ ಮಾಡಿ ಒಪ್ಪಿಸಿದ ಇಂಗ್ಲಿಷಿನಲ್ಲಿ. ಒತ್ತು ಬೀಳಬಾರದ ಕಡೆ ಬೀಳುತ್ತದೆ, ವಾಕ್ಯ ನಡುವೆಯೇ ಉಸಿರು ಹಿಡಿಯುತ್ತದೆ, ಪುರಾತನ ಬೈಬಲ್ಲಿನ ಮಾತಿನ ಪಕ್ಕದಲ್ಲೇ ಬೀದಿ ಬೈಗುಳ ಬರುತ್ತದೆ. ಇಂಗ್ಲಿಷ್ ತಾಯ್ನುಡಿಯಾದ ಟ್ಯಾರಂಟಿನೊ ಕೂಡ ಉಚ್ಚಾರಣೆಯನ್ನು ಬೇಕೆಂದೇ ತಿರುಚಿಕೊಂಡಿದ್ದಾರೆ. ಇದನ್ನು ದೋಷವೆನ್ನುವವರು ಇಟಲಿಯ ವೆಸ್ಟರ್ನುಗಳು ತಯಾರಾದ ಬಗೆಯನ್ನು ಮರೆತಿದ್ದಾರೆ. ಅಲ್ಲಿ ಸ್ಪೇನಿನ ಬಯಲೇ ಅಮೆರಿಕ. ಅಮೆರಿಕ, ಇಟಲಿ, ಜರ್ಮನಿ, ಸ್ಪೇನಿನ ನಟರು ಒಂದೇ ದೃಶ್ಯದಲ್ಲಿ ತಂತಮ್ಮ ನುಡಿಯಲ್ಲಿ ಮಾತಾಡಿದರೂ ನಡೆಯುತ್ತಿತ್ತು. ಬಳಿಕ ಸ್ಟುಡಿಯೊದಲ್ಲಿ ಬೇರೆಯವರ ಕಂಠದಿಂದ ಡಬ್ಬಿಂಗ್ ಆಗುತ್ತಿತ್ತು. ತುಟಿಗೂ ಮಾತಿಗೂ ತಾಳೆಯಾಗದ ಆ ಚಿತ್ರಗಳನ್ನು ಲೋಕವೆಲ್ಲ ಮೆಚ್ಚಿತು. ಇಟಲಿಯವರು ಡಬ್ಬಿಂಗಿನಿಂದ ಮುಚ್ಚಿದ ಪರಕೀಯತೆಯನ್ನು ಮೀಕೆ ನಟರ ನಾಲಿಗೆಯ ಮೇಲೆಯೇ ಬಿಟ್ಟರು. ಗೆಂಜಿಗಳ ನಾಯಕ ಯೊಶಿತ್ಸುನೆಯಾಗಿ ಯುಸುಕೆ ಇಸೆಯಾ ಅದೇ ಒಡೆದ ಇಂಗ್ಲಿಷಿನಲ್ಲಿ ಒಂದೊಂದು ಪದವನ್ನೂ ತಣ್ಣಗೆ ಉದುರಿಸುವಾಗ, ನಿರರ್ಗಳ ಮಾತಿಗೆ ದಕ್ಕದ ಕ್ರೌರ್ಯವೊಂದು ಕೇಳಿಸುತ್ತದೆ.

ನನ್ನ ಮೆಚ್ಚಿನ ಪಾತ್ರ ಮಾತ್ರ ಹೈಕೆಗಳ ಕಿಯೊಮೊರಿ, ಕೊಯಿಚಿ ಸಾಟೊ ಮಾಡಿರುವುದು. ಈ ಒರಟನಿಗೆ ಶೇಕ್ಸ್‌ಪಿಯರನ ‘ಆರನೆಯ ಹೆನ್ರಿ’ ನಾಟಕದ ಪ್ರತಿ ಸಿಗುತ್ತದೆ. ಇಂಗ್ಲೆಂಡಿನಲ್ಲೂ ಕೆಂಪು ಗುಲಾಬಿಯ ಲಾಂಛನದವರಿಗೂ ಬಿಳಿ ಗುಲಾಬಿಯ ಲಾಂಛನದವರಿಗೂ ಯುದ್ಧ ನಡೆಯಿತೆಂದು ತಿಳಿದೊಡನೆ ಅವನಿಗೆ ಮೈಮರೆವ ಹಿಗ್ಗು; ಇನ್ನುಮುಂದೆ ತನ್ನನ್ನು ಹೆನ್ರಿ ಎಂದೇ ಕರೆಯಬೇಕೆಂದು ಹಟ ಹಿಡಿಯುತ್ತಾನೆ. ಆ ಹೆನ್ರಿ ಕೆಂಪು ಗುಲಾಬಿಯವನು, ನಿಜ. ಆದರೆ ನಾಟಕದ ಮೂರನೆಯ ಭಾಗದ ಕೊನೆಗೆ ಸೆರೆಮನೆಯಲ್ಲಿ ಕೊಲೆಯಾಗುವವನೂ ಅವನೇ. ದನ್ನೌರಾದಲ್ಲಿ ಸೋತ ಕುಲದವನೊಬ್ಬ ಅದೃಷ್ಟ ಬದಲಿಸಿಕೊಳ್ಳಲು ಹೋಗಿ ಇನ್ನೊಂದು ಸೋಲಿನ ಹೆಸರನ್ನೇ ಎತ್ತಿಕೊಳ್ಳುತ್ತಾನೆ. ಜಪಾನಿನಲ್ಲಿ ಇಂದಿಗೂ ಶಾಲೆಯ ಆಟೋಟಗಳಲ್ಲಿ ಮಕ್ಕಳನ್ನು ಕೆಂಪು ಮತ್ತು ಬಿಳಿ ತಂಡಗಳಾಗಿ ವಿಂಗಡಿಸುತ್ತಾರೆ, ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ವರ್ಷಾಂತ್ಯದ ಹಾಡಿನ ಸ್ಪರ್ಧೆಯೂ ಕೆಂಪು-ಬಿಳಿಯದೇ. ಹಾಗಾಗಿ ಅಲ್ಲಿನ ಪ್ರೇಕ್ಷಕರಿಗೆ ಈ ವಿನೋದದ ಮೊನೆ ಥಟ್ಟನೆ ತಾಗುತ್ತದೆ.

ಚಿತ್ರದಲ್ಲಿ ಕುಂದುಗಳಿಲ್ಲವೆಂದಲ್ಲ. ನಡುಭಾಗ ಎಳೆದಾಡುತ್ತದೆ. ಊರಿನ ಕಾನೂನು ಕಾಯಬೇಕಾದ, ಇಬ್ಭಾಗವಾದ ಮನಸ್ಸಿನ ಷೆರಿಫನ ಕೋಡಂಗಿಯಾಟ ನನಗಂತೂ ಬೇಗ ಸಾಕೆನಿಸಿತು. ಯೊಶಿನೊ ಕಿಮುರಾ ಅಭಿನಯಿಸಿದ ಶಿಜುಕಾ, ಹೈಕೆಯವನ ಹೆಂಡತಿಯಾಗಿದ್ದು ಗಂಡನ ಕೊಲೆಯ ಬಳಿಕ ಗೆಂಜಿಗಳ ವಶವಾದ ಹೆಣ್ಣು. ಅವಳ ಮೇಲೆ ನಡೆಯುವ ಹಿಂಸೆಯನ್ನು ಇಟಲಿಯ ಚಿತ್ರಗಳಿಂದ ಹಾಗೆಯೇ ಎತ್ತಿ ತಂದಂತಿದೆ. ಉಳಿದೆಲ್ಲವನ್ನೂ ತಿರುಗಿಸಿ ನೋಡಿದ ನಿರ್ದೇಶಕರು ಅದೊಂದನ್ನು ಯಾಕೆ ಪ್ರಶ್ನಿಸಲಿಲ್ಲವೋ. ಬಹುಶಃ ಆ ಕೊರತೆಯನ್ನು ತುಂಬಲೆಂದೇ ಕಾವೋರಿ ಮೊಮೊಯಿಯವರ ರುರಿಕೊ ಇದ್ದಾಳೆ. ಹೊರಗೆ ಸಾಧಾರಣ ಮುದುಕಿ, ಒಳಗೆ ದಂತಕಥೆಯಾದ ಬಂದೂಕುಗಾರ್ತಿ. ಅವಳು ಪಿಸ್ತೂಲು ಕೈಗೆತ್ತಿಕೊಂಡ ಮೇಲೆ ಚಿತ್ರ ಮತ್ತೆ ಓಡತೊಡಗುತ್ತದೆ.

ಕೊನೆಯ ಕಾಳಗ ಹಿಮ ಸುರಿಯುವಾಗ ನಡೆಯುತ್ತದೆ, ಒಬ್ಬನ ಕೈಯಲ್ಲಿ ಕತ್ತಿ, ಇನ್ನೊಬ್ಬನ ಕೈಯಲ್ಲಿ ಬಂದೂಕು. ಎಲ್ಲ ಮುಗಿದ ಮೇಲೆ ತೆರೆಯ ಮೇಲೆ ಬರುವ ಬರಹ, ಶಿಜುಕಾಳ ಮಗ, ಎರಡೂ ಕುಲಗಳ ರಕ್ತ ಹಂಚಿಕೊಂಡ ಹುಡುಗ ಹೈಹಾಚಿ, ಮುಂದೆ ಇಟಲಿಗೆ ಹೋಗಿ ಜಾಂಗೊ ಎಂದು ಹೆಸರಾದನೆಂದು ತಿಳಿಸುತ್ತದೆ. ಇಟಲಿಯವರು ಎರವಲು ಪಡೆದದ್ದನ್ನು ಹಿಂದಕ್ಕೆ ಕೇಳುವ ಬದಲು ಅವರ ನಾಯಕನನ್ನೇ ತಮ್ಮ ಮನೆಯ ಕೂಸೆಂದು ಸಾಧಿಸುವ ಈ ತಂಟೆಯ ಬೆನ್ನಿಗೆ, ಎನ್ಕಾ ಎಂಬ ಜಪಾನಿನ ಜನಪ್ರಿಯ ಗಾಯನಶೈಲಿಯ ಹಿರಿಯ ಸಬುರೊ ಕಿಟಾಜಿಮಾ ತಮ್ಮ ಗಡಸು ಕಂಠದಲ್ಲಿ ಕೊರ್ಬುಚಿಯವರ ಚಿತ್ರದ ಶೀರ್ಷಿಕೆ ಗೀತೆಯನ್ನು ಜಪಾನೀ ಭಾಷೆಯಲ್ಲಿ ಹಾಡುತ್ತಾರೆ. ಈ ಚಿತ್ರದ ಎರಡು ಆವೃತ್ತಿಗಳಿವೆ: ಜಪಾನಿನದು ಸುಮಾರು ಎರಡು ಗಂಟೆಯದು, ಹೊರದೇಶಗಳಿಗೆ ಹೋದದ್ದು ಅದಕ್ಕಿಂತ 20 ನಿಮಿಷಕ್ಕೂ ಹೆಚ್ಚು ಕಿರಿದು. ಎಳೆದಾಟದ ದೂರು ಹೇಳಿಯೂ ನಾನು ಉದ್ದನೆಯದನ್ನೇ ಶಿಫಾರಸು ಮಾಡುತ್ತೇನೆ. ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬಂದರೂ ಅಡಿಬರಹ ಹಾಕಿಕೊಂಡೇ ನೋಡಿ.