ಹದಿಬದೆಯ ಧರ್ಮದ ಒಳಗೊಂದು ಪ್ರಶ್ನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಾರ್ಚ್ ತಿಂಗಳ ಮಹಿಳಾ ದಿನ ಬಂತೆಂದರೆ ಮೈಸೂರಿನ ಸಭೆಗಳಲ್ಲಿ ಒಂದು ಪದ್ಯಕ್ಕೆ ಬಿಡುವೇ ಇರುವುದಿಲ್ಲ. “ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ, ಪೆಣ್ಣಲ್ಲವೆ ಪೊರೆದವಳು, ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು, ಕಣ್ಣು ಕಾಣದ ಗಾವಿಲರು.” ಹೆತ್ತು ಸಾಕಿದವಳೇ ಹೆಣ್ಣಾಗಿರುವಾಗ ಹೆಣ್ಣು ಹೆಣ್ಣೆಂದು ಏಕೆ ಹಳಿಯುತ್ತಾರೆ ಈ ಕುರುಡು ಮೂಢರು ಎಂದರ್ಥ. ಚಪ್ಪಾಳೆ ಬೀಳುತ್ತದೆ. ಸಂಚಿ ಹೊನ್ನಮ್ಮನ ಹೆಸರು ಹೇಳಿ ಭಾಷಣಕಾರರು ಮುಂದಕ್ಕೆ ಹೋಗುತ್ತಾರೆ. ಪದ್ಯ ಯಾವ ಪುಸ್ತಕದ್ದೋ ಆ ಪುಸ್ತಕವನ್ನು ತೆರೆಯುವವರು ಕಡಿಮೆ. ತೆರೆದವರಿಗೆ ಸ್ವಲ್ಪ ಇರಿಸುಮುರಿಸೇ ಆಗುತ್ತದೆ, ಏಕೆಂದರೆ ‘ಹದಿಬದೆಯ ಧರ್ಮ’ ಪತಿವ್ರತೆಗೆ ಬರೆದ ನಿಯಮಗಳ ಕಾವ್ಯ.

ಹೊನ್ನಮ್ಮ ಎಳಂದೂರಿನವಳು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಕೆಲಸ ಅವಳದು. ಆಗ ರಾಜಧಾನಿ ಶ್ರೀರಂಗಪಟ್ಟಣ. ಆಸ್ಥಾನದ ವಿದ್ವಾಂಸ ಅಳಸಿಂಗರಾರ್ಯರು ಅವಳಿಗೆ ಗುರು, ಪಟ್ಟದ ರಾಣಿ ದೇವಾಜಮ್ಮಣ್ಣಿ ಅವಳಿಗೆ ಆಶ್ರಯ. ಇಂಥ ಜಾಗದಲ್ಲಿ ಕೂತು ಅವಳು ಬರೆದದ್ದು ಹೆಂಡತಿ ಗಂಡನೊಡನೆ ಹೇಗಿರಬೇಕು, ಅತ್ತೆಮಾವಂದಿರನ್ನು ಹೇಗೆ ನೋಡಿಕೊಳ್ಳಬೇಕು, ಮನೆವಾರ್ತೆ ಹೇಗೆ ನಡೆಸಬೇಕು ಎಂಬ ಮಾತುಗಳನ್ನೇ. ಗಂಡನೇ ದೈವ ಎನ್ನುವುದರಲ್ಲಿ ಅವಳಿಗೆ ಅನುಮಾನವಿಲ್ಲ.

ಹಾಗೆ ಬುದ್ಧಿ ಹೇಳುತ್ತಾ ಹೇಳುತ್ತಾ ಅವಳು ಹೆಣ್ಣು ಹೆತ್ತವರ ಕಡೆಗೆ ತಿರುಗುತ್ತಾಳೆ. “ಕುವರನಾದೊಡೆ ಬಂದ ಗುಣವೇನದರಿಂದ, ಕುವರಿಯಾದೊಡೆ ಕುಂದೇನು” ಎಂದು ಕೇಳುತ್ತಾಳೆ. ಗಂಡಾದರೆ ಬಂದ ಲಾಭವೇನು, ಹೆಣ್ಣಾದರೆ ಆದ ಕೊರತೆಯೇನು? ಈ ಸಾಲುಗಳನ್ನು ಕಿತ್ತು ವೇದಿಕೆಯ ಮೇಲಿಟ್ಟರೆ ಘೋಷಣೆಯಾಗುತ್ತವೆ. ಪುಸ್ತಕದಲ್ಲೇ ಇಟ್ಟು ಓದಿದರೆ ಅವುಗಳ ಏಟು ಬೇರೆ. ನೀವು ಹೇಳಿದ ನಿಯಮವನ್ನೆಲ್ಲ ಒಪ್ಪಿದೆ, ನಾನೇ ಹಾಡಾಗಿ ಬರೆದೂ ಕೊಟ್ಟೆ, ಇನ್ನಾದರೂ ಹಳಿಯುವುದು ಏಕೆ ಎಂದು ಕೇಳಿದಂತಿದೆ. ವಿಧೇಯಳಾಗಿದ್ದವಳು ಕೇಳಿದಾಗ ಬಾಯಿ ಮುಚ್ಚಿಸುವುದು ಕಷ್ಟ. ಅವಳ ಜಾಣತನ ಇರುವುದು ಅಲ್ಲಿ ಅಂತ ನನಗನ್ನಿಸುತ್ತದೆ.

ಹೊನ್ನಮ್ಮನಿಗಿಂತ ಹಿಂದೆ ಈ ಸೀಮೆಯಲ್ಲಿ ಹೆಣ್ಣು ಕಾಣಿಸಿಕೊಂಡದ್ದು ಹೆಚ್ಚಾಗಿ ಕಲ್ಲಿನಲ್ಲಿ. ಹಳ್ಳಿಗಳ ಹೊರಗೆ, ಕೆರೆ ಏರಿಯ ಮೇಲೆ, ಗಂಡನೊಡನೆ ಚಿತೆ ಏರಿದವಳ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳನ್ನು ನೀವು ನೋಡಿರುತ್ತೀರಿ. ಮೊಣಕೈ ಮಡಿಸಿ ಮೇಲೆತ್ತಿದ ಒಂದು ತೋಳು, ಕೈತುಂಬ ಬಳೆ. ಚಿತೆ ಏರಿದರೂ ಮುತ್ತೈದೆತನ ಹೋಗಿಲ್ಲ ಎಂದು ಆ ಬಳೆ ಹೇಳಬೇಕು. ಎಷ್ಟೋ ಕಲ್ಲುಗಳ ಮೇಲೆ ಹೆಸರೇ ಇಲ್ಲ. ಮಾಸ್ತಮ್ಮ ಅಂತ ಅರಿಶಿನ ಕುಂಕುಮ ಇಟ್ಟು ಕೈಮುಗಿಯುತ್ತೇವೆ, ಯಾರ ಮಗಳೋ ಗೊತ್ತಿಲ್ಲ. ಮದ್ದೂರು ಸೀಮೆಯ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಬೇಟೆನಾಯಿಗೆ ಕಲ್ಲು ನಿಲ್ಲಿಸಿದರು. ಅದರ ಹೆಸರು ಕಾಳಿ ಎಂದು ಬರೆಸುವುದನ್ನು ಮರೆಯಲಿಲ್ಲ!

ಹೆಸರು ಉಳಿದವಳು ಒಬ್ಬಳಿದ್ದಾಳೆ, ದೇಕಬ್ಬೆ. ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನಲ್ಲಿರುವ 1057ರ ಶಾಸನ ಅವಳ ಕಥೆ ಹೇಳುತ್ತದೆ, ಅದೂ ಒಳ್ಳೆಯ ಕನ್ನಡ ಪದ್ಯಗಳಲ್ಲಿ. ಗಂಡ ಏಚ ಮಲ್ಲಯುದ್ಧದಲ್ಲಿ ದಾಯಾದಿಯೊಬ್ಬನನ್ನು ಕೊಂದ. ತಲಕಾಡಿನಲ್ಲಿ ಅವನಿಗೆ ಮರಣದಂಡನೆಯಾಯಿತು. ಸುದ್ದಿ ಮುಟ್ಟಿದ ಕೂಡಲೇ ದೇಕಬ್ಬೆ ಬೆಂಕಿಗೆ ಹೊರಟಳು. ಹೆತ್ತವರು, ನೆಂಟರು ಬೇಡವೆಂದು ತಡೆದರೂ ಕೇಳಲಿಲ್ಲ. ಕವಿಗೆ ಅವಳ ಹಟ ದೊಡ್ಡದು, ಅದನ್ನೇ ಹೊಗಳುತ್ತಾನೆ. ನನ್ನ ಕಣ್ಣು ಹೋಗಿ ನಿಲ್ಲುವುದು ಮಾತ್ರ ತಡೆದವರ ಮೇಲೆ. ಆ ಕಾಲದಲ್ಲಿ ಎಲ್ಲರೂ ಸಹಗಮನವನ್ನು ಸಂಭ್ರಮದಿಂದ ಒಪ್ಪಿದ್ದರು ಅಂತ ಸಲೀಸಾಗಿ ಹೇಳುವವರು ಈ ಶಾಸನವನ್ನೊಮ್ಮೆ ಓದಬೇಕು. ಮಗಳು ಬದುಕಲಿ ಅಂತ ಅಂಗಲಾಚಿದ ತಂದೆತಾಯಿ ಆಗಲೂ ಇದ್ದರು, ಕಲ್ಲಿನ ಮೇಲೇ ಇದ್ದಾರೆ.

ಇನ್ನು ಕಾವ್ಯ. ಹೊಯ್ಸಳರ ಕವಿ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಮುಗಿಸಿದ. ಅದರ ರಾಣಿ ಅಮೃತಮತಿ ಗಂಡನ ಪಕ್ಕದಲ್ಲಿ ಮಲಗಿದ್ದಾಗ ರಾತ್ರಿ ಹೊತ್ತು ಆನೆಲಾಯದಿಂದ ಒಂದು ಹಾಡು ತೇಲಿಬರುತ್ತದೆ. ಹಾಡಿದವನು ಅಷ್ಟಾವಂಕನೆಂಬ ಮಾವುತ, ನೋಡಲು ಕುರೂಪಿ. ಅವಳು ಸೋತದ್ದು ದನಿಗೆ. ಅವನ ರೂಪ ಕಂಡ ದೂತಿಯೇ ಹೇಸಿದರೂ ರಾಣಿಯ ಮನಸ್ಸು ಬದಲಾಗುವುದಿಲ್ಲ. ಕವಿಗೆ ಬೇಕಿದ್ದದ್ದು ಹಿಂಸೆಯ ಪಾಪ ಜನ್ಮಜನ್ಮಕ್ಕೂ ಬೆನ್ನುಹತ್ತುತ್ತದೆ ಎಂದು ತೋರಿಸುವ ಜೈನಕಥೆ. ಅದಕ್ಕಾಗಿ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕಿ ಕೊನೆಗೆ ನರಕಕ್ಕೆ ಹೋಗಲೇಬೇಕು. ಆದರೂ ಆ ರಾತ್ರಿಯ ಹಾಡಿನ ಭಾಗವನ್ನು ಜನ್ನ ಇಷ್ಟು ಮುತುವರ್ಜಿಯಿಂದ ಬರೆಯಬೇಕಾಗಿರಲಿಲ್ಲ. ಕೆಟ್ಟವಳು ಎಂದು ತೀರ್ಪು ಕೊಡುವವನು ಅವಳ ಕಿವಿಯಾಗಿ ಕೂತು ಕೇಳಿದ್ದಾನೆ. ಅದಕ್ಕೇ ಇರಬೇಕು, ಇಪ್ಪತ್ತನೆಯ ಶತಮಾನದ ನಾಟಕಕಾರರೂ ಆ ಕಥೆಯನ್ನು ಬಿಡಲಿಲ್ಲ.

ಮೈಸೂರು ಅರಮನೆಯಲ್ಲಿ ಬರೆದ ಹೆಣ್ಣು ಹೊನ್ನಮ್ಮ ಒಬ್ಬಳೇ ಅಲ್ಲ. ‘ಪದ್ಮಿನೀ ಕಲ್ಯಾಣ’ ಬರೆದ ಶೃಂಗಾರಮ್ಮ ಅದೇ ಕಾಲದವಳು. ಆಮೇಲೆ ಬಂದ ದೊಡ್ಡ ಕೃಷ್ಣರಾಜ ಒಡೆಯರ ರಾಣಿ ಚೆಲುವಾಂಬೆ ಆರಿಸಿಕೊಂಡ ಕಥೆಯಂತೂ ಮೇಲುಕೋಟೆಯದು. ದೆಹಲಿಯ ಸುಲ್ತಾನನ ಮಗಳು ಚೆಲುವನಾರಾಯಣನ ಉತ್ಸವಮೂರ್ತಿಯನ್ನು ಮೆಚ್ಚಿ, ಬಿಟ್ಟಿರಲಾರದೆ ಹಿಂಬಾಲಿಸಿ ಬಂದಳು ಎನ್ನುವ ಐತಿಹ್ಯ ಮಂಡ್ಯದ ಕಡೆಯವರಿಗೆ ಹೊಸದೇನಲ್ಲ. ಬೀಬಿ ನಾಚ್ಚಿಯಾರ್ ಎಂದು ಇಂದಿಗೂ ಆಕೆಗೆ ಅಲ್ಲಿ ಪೂಜೆಯಿದೆ. ಚೆಲುವಾಂಬೆ ಆಕೆಯನ್ನು ವರನಂದಿ ಎಂದು ಕರೆದು, ಹಿಂದಿನ ಜನ್ಮದ ಸತ್ಯಭಾಮೆ ಎಂದು ಹೇಳಿ, ‘ವರನಂದಿ ಕಲ್ಯಾಣ’ ಎಂಬ ಸಾಂಗತ್ಯ, ಅಂದರೆ ಹಾಡಲು ಬರುವ ಕಾವ್ಯ, ಬರೆದಳು. ಬಾದಶಹನ ಮಗಳು ಮನೆಬಿಟ್ಟು ಹೊರಟದ್ದಕ್ಕೆ ರಾಣಿಯ ಕಾವ್ಯದಲ್ಲಿ ಶಿಕ್ಷೆಯಿಲ್ಲ, ಮದುವೆಯಿದೆ. ಅಮೃತಮತಿಗೆ ಸಿಗದ ರಿಯಾಯಿತಿ ಇವಳಿಗೆ ಸಿಕ್ಕಿತು. ಅವಳು ಬಯಸಿದ್ದು ಮಾವುತನನ್ನು, ಇವಳು ಬಯಸಿದ್ದು ದೇವರನ್ನು, ಅದೂ ನಿಜವೇ.

ನಮಸ್ಕಾರ.