ಬರುವವರಿಗಿಂತ ಮೊದಲೇ ಸೂರು ಕಟ್ಟಿಟ್ಟ ಜೇಕಬ್ ಶಾಂಟ್ಸ್

ಕೇಳುಗರಿಗೆ ನಮಸ್ಕಾರ. ಇವತ್ತು ಮನೆ ಕಟ್ಟುತ್ತಿದ್ದ ಒಬ್ಬ ಸಂಸಾರಸ್ಥರನ್ನು ನೆನೆಯೋಣ ಅಂತ ಬಂದಿದ್ದೇನೆ. ಹೆಸರು ಜೇಕಬ್ ಯೋಸ್ಟ್ ಶಾಂಟ್ಸ್. ಹುಟ್ಟಿದ್ದು 1822ರಲ್ಲಿ, ಕೆನಡಾದ ಒಂಟಾರಿಯೊದಲ್ಲಿ, ವಾಟರ್ಲೂ ಸೀಮೆಯಲ್ಲಿ. ಈಗ ನಮ್ಮ ಕಡೆಯ ಎಷ್ಟೋ ಮಕ್ಕಳು ಓದೋದಕ್ಕೆ, ಕೆಲಸಕ್ಕೆ ಅಂತ ಹೋಗುವ ಊರು ಅದು. ಪಕ್ಕದಲ್ಲೇ ಕಿಚನರ್ ಅಂತ ಇದೆಯಲ್ಲ, ಅದಕ್ಕೆ 1916ರವರೆಗೂ ಬರ್ಲಿನ್ ಅಂತಲೇ ಹೆಸರಿತ್ತು. ಅಲ್ಲಿ ಇದ್ದವರಲ್ಲಿ ಬಹಳಷ್ಟು ಜನ ಜರ್ಮನ್ ಮಾತಾಡುವವರು. ಶಾಂಟ್ಸ್ ಅವರ ಮನೆತನದವರೂ ಅಷ್ಟೇ. ಅಮೆರಿಕದ ಪೆನ್ಸಿಲ್ವೇನಿಯಾದಿಂದ ಬಂದು ನೆಲೆಸಿದ ಮೆನ್ನೊನೈಟ್ ಜನ.

ಮೆನ್ನೊನೈಟ್ ಅಂದರೆ ಯಾರು ಅಂತ ಕೇಳುತ್ತೀರಿ. ಕ್ರೈಸ್ತರಲ್ಲಿ ಒಂದು ಪಂಗಡ. 16ನೇ ಶತಮಾನದಲ್ಲಿ ಯುರೋಪಿನಲ್ಲಿ ಶುರುವಾದದ್ದು. ಮೆನ್ನೊ ಸಿಮನ್ಸ್ ಅನ್ನುವ ಗುರುವಿನಿಂದ ಈ ಹೆಸರು ಬಂತು. ಕೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ, ದೊಡ್ಡವರಾಗಿ ಬುದ್ಧಿ ಬಂದಮೇಲೆ ತಾವೇ ಒಪ್ಪಿ ತಗೊಳ್ಳಬೇಕು. ಇನ್ನೊಂದು, ಇವರು ಆಯುಧ ಹಿಡಿಯುವುದಿಲ್ಲ. ಯಾವ ರಾಜ ಹೇಳಿದರೂ ಯುದ್ಧಕ್ಕೆ ಹೋಗುವುದಿಲ್ಲ. ಆ ಒಂದು ಮಾತಿಗಾಗಿ ನೂರಾರು ವರ್ಷ ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಗಂಟುಮೂಟೆ ಕಟ್ಟಿದ ಜನ ಇವರು.

ಶಾಂಟ್ಸ್ ಬೇಸಾಯಗಾರರು. ಜೊತೆಗೆ ಮರ ಕೊಯ್ಯುವ ಮಿಲ್ಲು ಇತ್ತು. ಮಿಲ್ಲಿದ್ದವರಿಗೆ ಹಲಗೆ, ತೊಲೆ ಎಲ್ಲ ಕೈಯಲ್ಲೇ ಇರುತ್ತಲ್ಲ, ಹಾಗಾಗಿ ಕಟ್ಟಡದ ಕಂಟ್ರಾಕ್ಟು ಹಿಡಿದರು. ಜಾಗ ಕೊಂಡು, ಸೈಟು ಮಾಡಿ ಮಾರಿದರು. ಅಂಗಿ ಗುಂಡಿ ಮಾಡುವ ಕಾರ್ಖಾನೆಯನ್ನೂ ನಡೆಸಿದರು, ಅದನ್ನು ಮುಂದೆ ಮಗ ನೋಡಿಕೊಂಡ. ಮೂರು ಸಲ ಮದುವೆಯಾದರು. ಮೊದಲ ಇಬ್ಬರು ಹೆಂಡತಿಯರು ತೀರಿಕೊಂಡಿದ್ದರು. ಮಕ್ಕಳು ತುಂಬಿದ್ದ ದೊಡ್ಡ ಸಂಸಾರ. ಮನೆಯೊಡತಿ ಹೋದಮೇಲೆ ಮಕ್ಕಳ ಮನೆ ಹೇಗೆ ಬಿಕೋ ಅನ್ನುತ್ತೆ ಅನ್ನೋದು ಎರಡು ಸಲ ಕಂಡವರು. ಅವರು ಮುಂದೆ ಮಾಡಿದ ಕೆಲಸವನ್ನು ಓದುವಾಗೆಲ್ಲ ನನಗೆ ಈ ಸಂಗತಿ ನೆನಪಾಗುತ್ತೆ.

ಇಷ್ಟೇ ಆಗಿದ್ದರೆ ಅವರು ಊರಿನ ಒಬ್ಬ ಒಳ್ಳೆಯ ಕಂಟ್ರಾಕ್ಟರ್ ಆಗಿ ಉಳಿಯುತ್ತಿದ್ದರು. ಆದರೆ ಅತ್ತ ರಷ್ಯಾದಲ್ಲಿ ಒಂದು ಬದಲಾವಣೆ ಆಗುತ್ತಿತ್ತು. ಈಗಿನ ಉಕ್ರೇನಿನ ಬಯಲಲ್ಲಿ ಸಾವಿರಾರು ಮೆನ್ನೊನೈಟರು 1789ರಿಂದ ಬೇಸಾಯ ಮಾಡಿಕೊಂಡಿದ್ದರು. ರಾಣಿ ಕ್ಯಾಥರೀನ್ ಕರೆಸಿಕೊಂಡಿದ್ದು, ಸೈನ್ಯಕ್ಕೆ ಸೇರಬೇಕಾಗಿಲ್ಲ ಅನ್ನುವ ಮಾತು ಸಿಕ್ಕಿತ್ತು. 1870ರ ಹೊತ್ತಿಗೆ ಎರಡನೇ ಅಲೆಕ್ಸಾಂಡರನ ಸರ್ಕಾರ ಆ ಮಾತನ್ನು ವಾಪಸ್ ತಗೊಳ್ಳೋಕೆ ಹೊರಟಿತು. ಮತ್ತೆ ಗಂಟುಮೂಟೆ. ಅದೇ ಹೊತ್ತಿಗೆ ಕೆನಡಾ ಸರ್ಕಾರಕ್ಕೆ ತನ್ನ ಹೊಸ ಪ್ರಾಂತ ಮನಿಟೋಬಾದಲ್ಲಿ ಬೇಸಾಯದವರು ಬೇಕಿತ್ತು.

ಆಗ ಸರ್ಕಾರದ ಪರವಾಗಿ ಜಾಗ ನೋಡಿಕೊಂಡು ಬರಲು ಹೋದವರು ನಮ್ಮ ಶಾಂಟ್ಸ್. 1872ರ ನವೆಂಬರ್. ಅವರಿಗೆ 50 ವಯಸ್ಸು. ಜೊತೆಗೆ ರಷ್ಯಾದಿಂದ ಬಂದಿದ್ದ ಬರ್ನ್‌ಹಾರ್ಡ್ ವಾರ್ಕೆಂಟಿನ್ ಅನ್ನುವ ಹುಡುಗ. ವಿನಿಪೆಗ್‌ಗೆ ಆಗ ರೈಲಿಲ್ಲ, ಅದು ಬಂದದ್ದು 1878ರಲ್ಲಿ. ಅಮೆರಿಕದ ಮೂಲಕ ಸುತ್ತು ಹಾಕಿ, ಆ ಚಳಿಯಲ್ಲಿ ಹೋಗಿ ಬಂದರು. ಬಂದವರು ಸುಮ್ನೆ ಕೂರಲಿಲ್ಲ, ಕಂಡದ್ದನ್ನು ಸರ್ಕಾರಕ್ಕೆ ವರದಿ ಮಾಡಿದರು. ಆ ವರದಿ 1873ರಲ್ಲಿ ಅಚ್ಚಾಗಿ, ಬೇರೆ ಬೇರೆ ಭಾಷೆಗಳಲ್ಲಿ ಹಂಚಿಕೆಯಾಯಿತು. ವಾರ್ಕೆಂಟಿನ್ ಕೊನೆಗೆ ಕ್ಯಾನ್ಸಸ್‌ನಲ್ಲಿ ನೆಲೆ ನಿಂತ, ಶಾಂಟ್ಸ್ ಮಾತ್ರ ಮನಿಟೋಬಾದ ಪರವಾಗಿಯೇ ಓಡಾಡಿದರು. ಮರುವರ್ಷ ರಷ್ಯಾದಿಂದ ಬಂದ 12 ಜನ ಪ್ರತಿನಿಧಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಜನ ಬರುತ್ತೇವೆ ಅಂದರು.

ಈಗ ಹೇಳುವುದೇ ನನಗೆ ಮುಖ್ಯ ಅನಿಸಿದ್ದು. 1874ರ ಬೇಸಿಗೆ. ಮೊದಲ ತಂಡ ಹೊರಟಿದೆ. ದಾರಿ ನೋಡಿ: ಉಕ್ರೇನಿನಿಂದ ರೈಲಿನಲ್ಲಿ ಜರ್ಮನಿಯ ಹ್ಯಾಂಬರ್ಗ್, ಅಲ್ಲಿಂದ ಹಡಗು, ಸಮುದ್ರ ದಾಟಿ ಕ್ವಿಬೆಕ್, ಆಮೇಲೆ ಒಂಟಾರಿಯೊ, ದೊಡ್ಡ ಸರೋವರಗಳ ಮೇಲೆ ಇನ್ನೊಂದು ಹಡಗು, ಮತ್ತೆ ರೈಲು, ಕೊನೆಗೆ ರೆಡ್ ನದಿಯಲ್ಲಿ ಉಗಿದೋಣಿ. ಜೊತೆಗೆ ಎಳೆ ಕೂಸುಗಳು, ಬಸುರಿಯರು, ಮುದುಕರು. ಆಗಸ್ಟ್ 1ರಂದು, ರೆಡ್ ನದಿಗೆ ರ‍್ಯಾಟ್ ನದಿ ಸೇರುವ ಕಡೆ, ‘ಇಂಟರ್‌ನ್ಯಾಷನಲ್’ ಅನ್ನುವ ಉಗಿದೋಣಿ ದಡಕ್ಕೆ ತಾಗಿತು. ಇಳಿದವರಿಗೆ ಕಂಡದ್ದು ಹುಲ್ಲು. ಅಂಗಡಿ ಇಲ್ಲ, ಛತ್ರ ಇಲ್ಲ, ಗುರುತಿನ ಮನೆ ಇಲ್ಲ.

ಆದರೆ ದಡದಿಂದ ಕೆಲವು ಮೈಲಿ ಆಚೆ, ಈಗಿನ ನಿವರ್ವಿಲ್ ಊರಿನ ಹತ್ತಿರ, ಉದ್ದುದ್ದದ ಮರದ ಮನೆಗಳು ಎದ್ದಿದ್ದವು. ಶಾಂಟ್ಸ್ ಕಟ್ಟಿಸಿದ್ದು. ಇವರು ಬರುತ್ತಾರೆ ಅಂತ ಗೊತ್ತಿತ್ತು, ಬಂದ ದಿನ ಮಲಗೋದೆಲ್ಲಿ ಅಂತ ಯಾರಾದರೂ ಯೋಚಿಸಲೇಬೇಕಿತ್ತು. ಅಂದವಾದ ಕಟ್ಟಡ ಅಲ್ಲ, ಹಲಗೆ ಗೋಡೆ, ಮೇಲೊಂದು ಮಾಡು. ಒಳಗೆ ಸಂಸಾರಗಳು ಒತ್ತೊತ್ತಾಗಿ ತಂಗಿದವು. ಹೆಂಗಸರು, ಮಕ್ಕಳನ್ನು ಅಲ್ಲಿ ಬಿಟ್ಟು ಗಂಡಸರು ಜಮೀನು ಆರಿಸಲು ಹೋದರು. ಪ್ರತಿನಿಧಿಗಳ ಹೆಸರು, ಸರ್ಕಾರದ ಪತ್ರ, ಕೊಟ್ಟ ಭರವಸೆ ಇವೆಲ್ಲ ಚರಿತ್ರೆಯಲ್ಲಿ ದೊಡ್ಡದಾಗಿ ಬರುತ್ತವೆ. ಬರಲಿ. ಆದರೆ ಹೊಸ ನಾಡಿನಲ್ಲಿ ಮೊದಲ ರಾತ್ರಿ ಮಗುವನ್ನು ಮಲಗಿಸಿದ ತಾಯಿಗೆ ಬೇಕಾಗಿದ್ದು ಆ ಹಲಗೆ ಮಾಡು. ಅದನ್ನು ಮೊದಲೇ ಎಣಿಸಿದವರು ಒಬ್ಬ ಕಟ್ಟಡದ ಕಂಟ್ರಾಕ್ಟರು, ಮಕ್ಕಳೊಂದಿಗರು.

ಅಲ್ಲಿಂದ ಜನ ತಮ್ಮ ತಮ್ಮ ಹಳ್ಳಿಗೆ ಹೋದರು. ಮೊದಲ ಚಳಿಗಾಲಕ್ಕೆ ಎಷ್ಟೋ ಮಂದಿ ನೆಲ ಅಗೆದು, ಹುಲ್ಲುಹೆಂಟೆ ಪೇರಿಸಿ ಸೆಮ್ಲಿನ್ ಅನ್ನುವ ಗುಡಿಸಲು ಮಾಡಿಕೊಂಡರು. ಆಮೇಲೆ ಮನೆ, ಕೊಟ್ಟಿಗೆ ಎರಡನ್ನೂ ಒಂದಕ್ಕೊಂದು ಸೇರಿಸಿ ಕಟ್ಟಿದರು. ನಮ್ಮ ಮಲೆನಾಡಿನ ಹಳೇ ಮನೆಗಳಲ್ಲಿ ಕೊಟ್ಟಿಗೆ ಹೇಗೆ ಮನೆಗೆ ಅಂಟಿಕೊಂಡಿರುತ್ತೋ ಹಾಗೆ, ಹೊರಗೆ ಹಿಮ ಸುರಿಯುತ್ತಿದ್ದರೂ ಒಳಗಿಂದಲೇ ದನಕ್ಕೆ ಮೇವು ಹಾಕಿ ಬರಬಹುದು. ನಡುವೆ ದೊಡ್ಡ ಇಟ್ಟಿಗೆ ಒಲೆ. ಮರವಿಲ್ಲದ ಬಯಲಲ್ಲಿ ಅದಕ್ಕೆ ಹುಲ್ಲು, ಒಣಗಿಸಿದ ಸಗಣಿ ಎರಡನ್ನೂ ಉರಿಸುತ್ತಿದ್ದರು. ಸ್ಟೈನ್‌ಬಾಕ್ ಊರಿನ ವಸ್ತುಸಂಗ್ರಹಾಲಯದಲ್ಲಿ ಅಂಥ ಮನೆ, ಸೆಮ್ಲಿನ್ ಎರಡನ್ನೂ ಇವತ್ತೂ ನೋಡಬಹುದು.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ನೆಲ ಖಾಲಿ ಇರಲಿಲ್ಲ. ಅನಿಶಿನಾಬೆ, ಕ್ರೀ ಅನ್ನುವ ಮೂಲನಿವಾಸಿ ಜನರ ನೆಲ ಅದು, ಮೂಲನಿವಾಸಿಗಳು ಮತ್ತು ಯುರೋಪಿನವರು ಬೆರೆತ ಮನೆತನಗಳಿಂದ ಬಂದ ಮೆಟಿಸ್ ಜನ ಓಡಾಡಿಕೊಂಡಿದ್ದ ಬಯಲು. 1871ರಲ್ಲಿ ಸರ್ಕಾರ ಅನಿಶಿನಾಬೆ, ಕ್ರೀ ಜನರ ಜೊತೆ ಒಪ್ಪಂದ ಮಾಡಿಕೊಂಡು ಆ ನೆಲವನ್ನು ಹೊರಗಿನವರಿಗೆ ಹಂಚಲು ಶುರು ಮಾಡಿತ್ತು. ಒಬ್ಬರಿಗೆ ಸೂರು ಸಿಕ್ಕಿದಾಗ ಇನ್ನೊಬ್ಬರ ನೆಲೆ ಹೋಯಿತು. ಶಾಂಟ್ಸ್ ಅವರನ್ನು ಪ್ರೀತಿಯಿಂದ ನೆನೆಯುವಾಗ ಇದನ್ನೂ ಜೊತೆಗೇ ನೆನೆಯಬೇಕು.

ಬಂದವರಿಗೆ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಮಿಡತೆ ಬಂದು ಬೆಳೆ ತಿಂದುಬಿಟ್ಟವು. ಊಟಕ್ಕೆ, ಬಿತ್ತನೆಗೆ ದುಡ್ಡಿಲ್ಲ. 1875ರಲ್ಲಿ ಕೆನಡಾ ಸರ್ಕಾರ ಸುಮಾರು 1 ಲಕ್ಷ ಡಾಲರ್ ಸಾಲ ಕೊಡಲು ಒಪ್ಪಿತು. ಜಾಮೀನು ಯಾರು? ಒಂಟಾರಿಯೊದ ಮೆನ್ನೊನೈಟ್ ರೈತರು. ಅವರ ನೆರವಿನ ಸಮಿತಿಯ ಮುಂದಾಳು ಶಾಂಟ್ಸ್. ಸಾಲ 1892ರ ಹೊತ್ತಿಗೆ ತೀರಿತು. ಬೇರೆಯವರ ಸಾಲಕ್ಕೆ ಜಾಮೀನು ಹಾಕುವುದು ಎಂಥ ಭಾರ ಅನ್ನೋದು ನಮ್ಮ ಹಳ್ಳಿಗಳ ಮನೆಮನೆಗೂ ಗೊತ್ತು, ಅಲ್ವಾ?

ಅದೂ ಆ ಜನ ಇವರಿಗೆ ನಂಟರೇನೂ ಅಲ್ಲ. ಅವರ ಜರ್ಮನ್ ಬೇರೆ, ಇವರ ಜರ್ಮನ್ ಬೇರೆ. ಅವರಲ್ಲಿ ಬಹಳ ಜನ ತೀರಾ ಹಳೇ ಕಟ್ಟುಪಾಡಿನವರು, ಶಾಂಟ್ಸ್ ಸುಧಾರಣೆಯ ಕಡೆಯವರು. ಅದೇ ವರ್ಷಗಳಲ್ಲಿ ಒಂಟಾರಿಯೊದ ಅವರದೇ ಸಭೆ ಒಡೆಯಿತು, ಅವರು ಹೊಸ ಗುಂಪಿನ ಜೊತೆ ಹೋದರು. ಹಾಗಿದ್ದೂ ಮನಿಟೋಬಾದ ಕೆಲಸ ಬಿಡಲಿಲ್ಲ. ಅಲ್ಲಿಗೆ 20ಕ್ಕೂ ಜಾಸ್ತಿ ಸಲ ಹೋಗಿ ಬಂದರು. 1880ರ ಹೊತ್ತಿಗೆ ಸುಮಾರು 7,000 ಜನ ಬಂದು ನೆಲೆಸಿದ್ದರು. ಶಾಂಟ್ಸ್ ದೂರ ಹೋದಾಗಲೆಲ್ಲ ಬರ್ಲಿನ್ ಊರಿನ ಮನೆಯನ್ನು, ಮಿಲ್ಲನ್ನು, ಕಾರ್ಖಾನೆಯನ್ನು ಮನೆಯವರು ಹೊತ್ತಿದ್ದಾರೆ. ಆ ಮನೆಯವರ ಹೆಸರು ಅಷ್ಟಾಗಿ ಯಾರೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಆ ಹಲಗೆ ಮನೆಗಳಲ್ಲಿ ಅವರ ದುಡಿಮೆಯೂ ಇದೆ.

70 ದಾಟಿದ ಮೇಲೂ ಶಾಂಟ್ಸ್ ಸುಮ್ಮನಿರಲಿಲ್ಲ. 1894ರಲ್ಲಿ ಇನ್ನೊಂದು ತಂಡವನ್ನು ಇನ್ನೂ ಪಶ್ಚಿಮಕ್ಕೆ, ಈಗಿನ ಆಲ್ಬರ್ಟಾದ ಡಿಡ್ಸ್‌ಬರಿಗೆ ಕರೆದುಕೊಂಡು ಹೋದರು. ಅಲ್ಲಿಯೂ ಬಂದವರು ತಂಗಲು ಮನೆ ಎದ್ದಿತು. ಆ ವಯಸ್ಸಿನಲ್ಲಿ ಮೊಮ್ಮಕ್ಕಳ ಜೊತೆ ಒಲೆ ಮುಂದೆ ಕೂತಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. 1909ರಲ್ಲಿ, 87ನೇ ವಯಸ್ಸಿನಲ್ಲಿ, ತಮ್ಮ ಬರ್ಲಿನ್ ಊರಿನಲ್ಲೇ ತೀರಿಕೊಂಡರು. ನಿಮ್ಮ ಮನೆಯ ಮಕ್ಕಳು ವಾಟರ್ಲೂ, ಕಿಚನರ್ ಕಡೆ ಇದ್ದರೆ ಈ ಹೆಸರನ್ನು ಒಂದು ಸಲ ಹೇಳಿ. ನಮಸ್ಕಾರ.